ಲಾರಿಗೆ ಯಾವ ಡೀಸೆಲ್ ಫಿಲ್ಟರ್? ಮೊದಲು ಪಂಪ್ ಯಾವುದು ಹೇಳಿ

"ಅಣ್ಣ, ಡೀಸೆಲ್ ಫಿಲ್ಟರ್ ಕಂಪನಿದೇ ಹಾಕಬೇಕಾ, ಹೊರಗಡೆದು ನಡೆಯುತ್ತಾ?" ಅಂತ ಯಾರಾದರೂ ಫೋನ್ ಮಾಡಿದರೆ ನಾನು ತಿರುಗಿ ಕೇಳುವುದು ಒಂದೇ. ಗಾಡಿಯಲ್ಲಿ ಎಂಜಿನ್ನಿಗೆ ಡೀಸೆಲ್ ಒತ್ತುವುದು ಹಳೇ ಪಂಪಾ, ಕಾಮನ್ ರೈಲಾ? ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದೆ ಬ್ರಾಂಡ್ ಬಗ್ಗೆ ಗಂಟೆಗಟ್ಟಲೆ ಜಗಳ ಆಡುತ್ತಾರೆ.

ನಮ್ಮಲ್ಲಿ ಮೂರು ಲಾರಿ ಇವೆ. ಒಂದು ಬಿಎಸ್ 3 (ಬಿಎಸ್ ಅಂದರೆ ಸರ್ಕಾರದ ಹೊಗೆ ನಿಯಮದ ಹಂತ) ಕಾಲದ್ದು, ಇನ್ನೊಂದು ಬಿಎಸ್ 4, ಹೊಸದು ಬಿಎಸ್ 6. ಮೂರಕ್ಕೂ ನಾನು ಒಂದೇ ಥರದ ಫಿಲ್ಟರ್ ತರುವುದಿಲ್ಲ. ಬದಲಾಯಿಸುವ ರೀತಿಯೂ ಒಂದೇ ಅಲ್ಲ. ಎಲ್ಲಿ ನಾಲ್ಕು ಕಾಸು ಉಳಿಸಬಹುದು, ಎಲ್ಲಿ ಉಳಿಸೋಕೆ ಹೋದರೆ ಕೈ ಸುಡುತ್ತದೆ ಅನ್ನುವುದನ್ನು ಹೇಳುವುದು ಪಂಪ್. ಅಂಗಡಿಯವನಲ್ಲ.

ಕ್ಯಾಬಿನ್ ಎತ್ತಿ ನೋಡಿ

ಎಂಜಿನ್ ಪಕ್ಕದಲ್ಲಿ ಉದ್ದನೆಯ ಪಂಪ್ ಕೂತಿದ್ದು, ಅದರ ತಲೆಯಿಂದ ಸಿಲಿಂಡರಿಗೊಂದರಂತೆ ಸ್ಟೀಲ್ ಪೈಪ್ ಹೊರಟು ನೇರ ನಾಜಲ್‌ಗೆ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಮೂತಿ) ಹೋಗಿದ್ದರೆ ಅದು ಹಳೇ ಇನ್‌ಲೈನ್ ಪಂಪ್. ನಮ್ಮ ಕಡೆ ಇವತ್ತಿಗೂ ಅದನ್ನು ಮೈಕೋ ಪಂಪ್ ಅಂತಲೇ ಕರೆಯುವುದು. ಬೆಂಗಳೂರಿನ ಆಡುಗೋಡಿಯ ಮೈಕೋ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಗ್ಯಾರೇಜಿನವರ ಬಾಯಲ್ಲಿ ಅದು ಇನ್ನೂ ಮೈಕೋನೇ. ಪೈಪುಗಳೆಲ್ಲ ಒಂದು ದಪ್ಪ ಉಕ್ಕಿನ ಕೊಳವೆಯಿಂದ ಹೊರಟಿದ್ದು, ಇಂಜೆಕ್ಟರ್‌ಗಳಿಗೆ (ಇಲ್ಲಿ ಡೀಸೆಲ್ ಚಿಮ್ಮಿಸುವುದು ಇವೇ) ವೈರ್ ಕೂಡ ಬಂದಿದ್ದರೆ ಅದು ಕಾಮನ್ ರೈಲ್. 2020ರ ಏಪ್ರಿಲ್ ನಂತರದ ಬಿಎಸ್ 6 ಲಾರಿ ಅಂದರೆ ಕಾಮನ್ ರೈಲ್ ಅಂದುಕೊಂಡೇ ಮುಂದೆ ಓದಿ. ಬಿಎಸ್ 4ರಲ್ಲಿ ಮಾತ್ರ ಎರಡೂ ಇವೆ. ಕೆಲವು ಗಾಡಿಗಳಲ್ಲಿ ಇನ್‌ಲೈನ್ ಪಂಪನ್ನೇ ಉಳಿಸಿಕೊಂಡು ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ) ಸೇರಿಸಿ ಪಾಸ್ ಮಾಡಿಸಿದರು, ಹಾಗಾಗಿ ಆರ್‌ಸಿ ನೋಡಿ ಹೇಳೋಕಾಗಲ್ಲ, ಕಣ್ಣಲ್ಲೇ ನೋಡಬೇಕು.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ಹಳೇ ನಾಜಲ್ 200 ಬಾರ್ ಒತ್ತಡದ ಆಸುಪಾಸಿನಲ್ಲಿ ಬಾಯಿ ಬಿಡುತ್ತದೆ. ಕಾಮನ್ ರೈಲಿನಲ್ಲಿ 1600 ಬಾರ್ ಮಾಮೂಲಿ, 2000 ದಾಟುವುದೂ ಉಂಟು. ಇಂಜೆಕ್ಟರ್ ಒಳಗೆ ಓಡಾಡುವ ಭಾಗಗಳ ಸಂದು ಬರೀ ಎರಡು-ಮೂರು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಲೆಕ್ಕ ಹಾಕಿ. ಹಳೇ ಪಂಪಿನಲ್ಲಿ ಡೀಸೆಲ್ ಒತ್ತುವ ಪ್ಲಂಜರಿನ ಸಂದೂ ಸಣ್ಣದೇ, ಇಲ್ಲ ಅನ್ನಲ್ಲ. ಆದರೆ ಅದು ಸ್ವಲ್ಪ ಸವೆದರೂ ಗಾಡಿ ಒಂಚೂರು ಹೊಗೆ ಬಿಟ್ಟುಕೊಂಡು, ಒಂಚೂರು ಡೀಸೆಲ್ ಜಾಸ್ತಿ ಕುಡಿದುಕೊಂಡು ವರ್ಷಗಟ್ಟಲೆ ಓಡುತ್ತದೆ. ಕಾಮನ್ ರೈಲ್ ಹಾಗಲ್ಲ. ಕಣ್ಣಿಗೆ ಕಾಣದ ಧೂಳು ಆ ಒತ್ತಡದಲ್ಲಿ ಉಪ್ಪು ಕಾಗದದ ಥರ ಉಜ್ಜುತ್ತದೆ, ಇಂಜೆಕ್ಟರಿನ ರಿಟರ್ನ್ ಪೈಪಿನಲ್ಲಿ ಡೀಸೆಲ್ ಜಾಸ್ತಿ ವಾಪಸ್ ಹೋಗಲು ಶುರುವಾಗುತ್ತದೆ, ರೈಲಿನಲ್ಲಿ ಒತ್ತಡ ಏರುವುದಿಲ್ಲ, ಒಂದು ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟೇ ಆಗಲ್ಲ.

ಮೂರು ಥರದ ಡಬ್ಬ

ಅಂಗಡಿಯಲ್ಲಿ ಸಿಗುವುದು ಮೂರು ಥರ. ಲಾರಿ ಕಂಪನಿಯ ಹೆಸರಿರುವ ಡಬ್ಬ. ಫಿಲ್ಟರ್ ಮಾಡುವವರದೇ ಹೆಸರಿರುವ ಡಬ್ಬ, ಬಾಷ್, ಫ್ಲೀಟ್‌ಗಾರ್ಡ್, ಮಾನ್, ಮಾಲೆ, ಎಲೋಫಿಕ್ ಈ ಥರದ್ದು. ಇನ್ನು ಮೂರನೆಯದು ಹೆಸರೇ ಕೇಳಿರದ ಲೋಕಲ್ ಮಾಲು, ಕೆಲವು ಸಲ ಡಬ್ಬವೇ ಇಲ್ಲದೆ ಪ್ಲಾಸ್ಟಿಕ್ ಕವರಿನಲ್ಲಿ.

ಲಾರಿ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ಮಾಡಲ್ಲ. ಈ ಎರಡನೇ ಥರದ ಡಬ್ಬದವರಿಂದ ಮಾಡಿಸಿ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಗಾಡಿಗೆ ಯಾರು ಸಪ್ಲೈ ಮಾಡುತ್ತಾರೋ ಅವರದೇ ಡಬ್ಬ ಸಿಕ್ಕರೆ ಮಾಲು ಅದೇ, ರೇಟು ಕಮ್ಮಿ. ಆದರೆ ಇಲ್ಲೊಂದು ಗುಂಡಿ ಇದೆ. "ಸೈಜ್ ಅದೇ, ಮರೆ (ಥ್ರೆಡ್) ಕೂರುತ್ತೆ, ಹಾಕಿ ಸಾರ್" ಅಂತಾರಲ್ಲ ಅದನ್ನು ನಂಬಬೇಡಿ. ಮರೆ ಒಂದೇ ಆಗಿದ್ದ ಮಾತ್ರಕ್ಕೆ ಒಳಗಿನ ಪೇಪರ್ ಒಂದೇ ಆಗಿರಬೇಕಿಲ್ಲ. ನಿಮ್ಮ ಹಳೇ ಫಿಲ್ಟರಿನ ಪಾರ್ಟ್ ನಂಬರ್ ತೆಗೆದುಕೊಂಡು ಹೋಗಿ, ಅದಕ್ಕೆ ಇದು ಸರಿಜೋಡಿ ಅಂತ ಫಿಲ್ಟರ್ ಕಂಪನಿಯ ಪಟ್ಟಿಯಲ್ಲೇ ಇದೆಯಾ ನೋಡಿಕೊಂಡು ತನ್ನಿ.

ಲೋಕಲ್ ಮಾಲು ಎಷ್ಟು ಲೋಕಲ್ ಅಂತ ತಿಳಿಯಬೇಕು ಅಂದರೆ ಕೊಯ್ದು ನೋಡಬೇಕು. ಒಂದು ಭಾನುವಾರ ನಾನೂ ನಮ್ಮ ಮೇಸ್ತ್ರಿಯೂ ಕೂತು ಅದನ್ನೇ ಮಾಡಿದೆವು. ಒಂದು ಕಂಪನಿಯದು, ಒಂದು ಪ್ಲಾಸ್ಟಿಕ್ ಕವರಿನದು, ಎರಡೂ ಹೊಸದು. ತಗಡು ಕತ್ತರಿಸುವ ಕತ್ತರಿಯಲ್ಲಿ ಕೊಯ್ದೆವು (ಬಳಸಿದ ಫಿಲ್ಟರ್ ಕೊಯ್ಯುವಾಗ ಹ್ಯಾಕ್ಸಾ ಹಚ್ಚಬೇಡಿ, ಗರಗಸದ ಪುಡಿ ಯಾವುದು, ಟ್ಯಾಂಕಿನ ಕಸ ಯಾವುದು ಗೊತ್ತಾಗಲ್ಲ). ಹೊರಗಿನಿಂದ ಅವಳಿ-ಜವಳಿ. ಒಳಗೆ? ಕಂಪನಿಯದರಲ್ಲಿ ಪೇಪರ್ ಒತ್ತೊತ್ತಾಗಿ, ಸೀರೆ ನೆರಿಗೆ ಹಿಡಿದ ಹಾಗೆ ಒಂದೇ ಸಮ ಮಡಚಿತ್ತು. ಎರಡೂ ತುದಿಯಲ್ಲಿ ಅಂಟು ಸುತ್ತಲೂ ತುಂಬಿತ್ತು. ಇನ್ನೊಂದರಲ್ಲಿ ನೆರಿಗೆ ಹೆಚ್ಚುಕಮ್ಮಿ ಅರ್ಧದಷ್ಟೇ, ಬೆರಳು ಇಟ್ಟರೆ ಒಂದು ಕಡೆಗೆ ಸರಿದು ಗುಂಪಾಯಿತು. ಅಂಟು ಒಂದು ಜಾಗದಲ್ಲಿ ಹಿಡಿದೇ ಇರಲಿಲ್ಲ, ಪೇಪರಿಗೂ ತಟ್ಟೆಗೂ ನಡುವೆ ಉಗುರು ಹೋಗುವಷ್ಟು ಸಂದು. ಡೀಸೆಲ್‌ಗೆ ಸುಲಭದ ದಾರಿ ಸಿಕ್ಕರೆ ಪೇಪರ್ ಒಳಗೆ ನುಗ್ಗಿ ಯಾಕೆ ಕಷ್ಟಪಡುತ್ತದೆ ಹೇಳಿ. ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಫಿಲ್ಟರ್ ಅಲ್ಲ, ಡಬ್ಬ" ಅಂದ.

ಇನ್ನೊಂದು ಮಾತು. ಡಬ್ಬದ ಮೇಲೆ "5 ಮೈಕ್ರಾನ್" ಅಂತ ಬರೆದಿದ್ದರೆ ಅಷ್ಟಕ್ಕೇ ಖುಷಿಪಡಬೇಡಿ. 5 ಮೈಕ್ರಾನಿನ ಕಸದಲ್ಲಿ ನೂರಕ್ಕೆ ಎಷ್ಟು ಹಿಡಿಯುತ್ತದೆ ಅನ್ನುವುದು ಮುಖ್ಯ. ಐವತ್ತು ಹಿಡಿದರೂ 5 ಮೈಕ್ರಾನ್ ಅಂತ ಬರೆಯಬಹುದು, ತೊಂಬತ್ತೊಂಬತ್ತು ಹಿಡಿದರೂ ಬರೆಯಬಹುದು. ಒಳ್ಳೆಯ ಕಂಪನಿಗಳು ಐಎಸ್‌ಒ 19438 ಅನ್ನುವ ಪರೀಕ್ಷೆಯ ಪ್ರಕಾರ ಶೇಕಡಾವಾರು ಲೆಕ್ಕ ಕೊಡುತ್ತವೆ. ಕವರಿನ ಮಾಲಿನವನನ್ನು ಇದು ಕೇಳಿದರೆ ನಿಮ್ಮ ಮುಖ ನೋಡುತ್ತಾನೆ.

ಹಾಗಾದರೆ ಯಾವುದು ತರೋಣ? ನಾನು ಮಾಡುವುದು ಹೀಗೆ. ಹಳೇ ಇನ್‌ಲೈನ್ ಪಂಪಿನ ಗಾಡಿಗೆ ಫಿಲ್ಟರ್ ಕಂಪನಿಯ ಡಬ್ಬ ಧಾರಾಳವಾಗಿ ಸಾಕು, ಲಾರಿ ಕಂಪನಿಯ ಡಬ್ಬಕ್ಕೆ ಜಾಸ್ತಿ ಕೊಡುವುದು ಸುಮ್ನೆ ದಂಡ. ಕಾಮನ್ ರೈಲಿನ ಪ್ರಿ-ಫಿಲ್ಟರ್‌ಗೂ (ಟ್ಯಾಂಕಿನಿಂದ ಬರುವ ಡೀಸೆಲ್ ಮೊದಲು ಹಾಯುವ ಫಿಲ್ಟರ್) ಅದೇ, ನಂಬರ್ ಸರಿಯಿದ್ದರೆ ಆಯಿತು. ಕಾಮನ್ ರೈಲಿನ ಮೇನ್ ಫಿಲ್ಟರ್ (ಆಮೇಲೆ ಕೊನೆಗೆ ಸೋಸುವುದು) ಮಾತ್ರ ಲಾರಿ ಕಂಪನಿಯದ್ದು ಅಥವಾ ಅವರಿಗೆ ಸಪ್ಲೈ ಮಾಡುವವರದ್ದೇ, ಅದೂ ಡೀಲರ್ ಹತ್ತಿರ ಬಿಲ್ ಸಮೇತ. ಗಾಡಿ ವಾರಂಟಿಯಲ್ಲಿದ್ದರೆ ಚರ್ಚೆಯೇ ಬೇಡ, ಕಂಪನಿದೇ ಹಾಕಿ, ಬಿಲ್ ಫೈಲಿನಲ್ಲಿಡಿ. ಫಿಲ್ಟರಿನಲ್ಲಿ ಉಳಿಯುವುದು ನೂರರ ಲೆಕ್ಕ. ಇಂಜೆಕ್ಟರ್ ಸೆಟ್ ಹೋದರೆ ಹತ್ತಾರು ಸಾವಿರದ ಲೆಕ್ಕ, ಜೊತೆಗೆ ಗಾಡಿ ನಿಂತ ದಿನಗಳ ಬಾಡಿಗೆ.

ಲೋಕಲ್ ಮಾಲು ಯಾರಿಗೂ ಬೇಡ. ಹಳೇ ಗಾಡಿಗೂ ಬೇಡ.

ಡೂಪ್ಲಿಕೇಟ್ ಬೇರೆಯದೇ ಕಥೆ. ಅದು ಕಂಪನಿ ಡಬ್ಬದಲ್ಲೇ ಬರುತ್ತದೆ. ಡಬ್ಬ ಎಲ್ಲಿಂದ ಸಿಗುತ್ತದೆ ಅಂದರೆ ನಾವೇ ಬಿಸಾಡಿದ್ದು. ಇದು ಗೊತ್ತಾದ ಮೇಲಿಂದ ನಾನು ಹೊಸ ಫಿಲ್ಟರ್ ಹಾಕಿದ ಕೂಡಲೇ ಡಬ್ಬ ಹರಿದು ಹಾಕುತ್ತೇನೆ, ಹಳೇ ಫಿಲ್ಟರಿಗೆ ಸುತ್ತಿಗೆಯಲ್ಲಿ ಎರಡು ಬಾರಿಸಿ ಗುಜರಿಗೆ ಕೊಡುತ್ತೇನೆ. ಹೊಸದು ಕೊಳ್ಳುವಾಗ ಹಾಲೋಗ್ರಾಮ್, ಕ್ಯೂಆರ್ ಕೋಡ್ ನೋಡಿ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಅಧಿಕೃತ ವಿತರಕರ ಅಂಗಡಿ ಹುಡುಕಿಕೊಂಡು ಹೋಗುವುದು ಮಾತ್ರ ನಿಮ್ಮ ಕೆಲಸ.

ತಿರುಗಿಸುವ ಡಬ್ಬವೋ, ಬಟ್ಟಲಿನ ಎಲಿಮೆಂಟೋ

ತಿರುಗಿಸುವ ಡಬ್ಬ ಅಂದರೆ ಮರೆ ತಿರುಗಿಸಿ ಕೂರಿಸುವ ಇಡೀ ತಗಡಿನ ಫಿಲ್ಟರ್, ಎಲಿಮೆಂಟ್ ಅಂದರೆ ಬಟ್ಟಲಿನೊಳಗೆ ಕೂರಿಸುವ ಸೋಸುವ ಭಾಗ ಮಾತ್ರ. ಇದರಲ್ಲಿ ನಮಗೆ ಆಯ್ಕೆ ಕಮ್ಮಿ, ಗಾಡಿಗೆ ಯಾವುದು ಬಂದಿದೆಯೋ ಅದೇ. ಆದರೂ ಹಳೇ ಗಾಡಿಯವರು ಕೇಳುತ್ತಾರೆ. ಹಳೇ ಜೋಡಿ ಬಟ್ಟಲಿನಲ್ಲಿ ಮೊದಲನೆಯದು ಬಟ್ಟೆ ಎಲಿಮೆಂಟ್, ಎರಡನೆಯದು ಪೇಪರ್. ಎಲಿಮೆಂಟ್ ಅಗ್ಗ, ಬಟ್ಟಲ ತಳದಲ್ಲಿ ಏನು ಕೂತಿದೆ ಅಂತ ಕಣ್ಣಾರೆ ನೋಡಬಹುದು, ಇದು ದೊಡ್ಡ ಅನುಕೂಲ. ಅನಾನುಕೂಲ ಅಂದರೆ ರಬ್ಬರ್ ರಿಂಗು, ವಾಷರು ಜಾಸ್ತಿ, ಒಂದು ಮರೆತರೂ ಸೋರುತ್ತದೆ. ಬಟ್ಟೆ ಎಲಿಮೆಂಟನ್ನು ಹಿಂದೆ ಡೀಸೆಲ್‌ನಲ್ಲಿ ಅದ್ದಿ ತೊಳೆದು ಮತ್ತೆ ಹಾಕುತ್ತಿದ್ದರು. ಪೇಪರನ್ನು ತೊಳೆಯುವವರೂ ಇದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ತೊಳೆದ ಪೇಪರ್ ಕಸ ಬಿಡುವುದಿಲ್ಲ, ಹರಿಯುತ್ತದೆ ಅಷ್ಟೇ.

ತಿರುಗಿಸುವ ಡಬ್ಬ ಹಾಕುವುದು ಸುಲಭ. ರಬ್ಬರಿಗೆ ಶುದ್ಧ ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಅರ್ಧದಿಂದ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದರ ಪ್ರಕಾರ. ಪಾನಾ ಬಿಚ್ಚೋಕೆ ಮಾತ್ರ, ಬಿಗಿ ಮಾಡೋಕಲ್ಲ.

ಯಾರು ಬದಲಾಯಿಸಬೇಕು

ಹಳೇ ಗಾಡಿಯಾದರೆ ನೀವೇ ಮಾಡಿ, ಅರ್ಧ ಗಂಟೆ ಕೆಲಸ. ಕಾಮನ್ ರೈಲ್ ಆದರೂ ಮಾಡಬಹುದು, ಆದರೆ ಕೈ ಚೊಕ್ಕಟ ಇರಬೇಕು, ಜಾಗ ಚೊಕ್ಕಟ ಇರಬೇಕು, ಹತ್ತಿ ವೇಸ್ಟ್ ಬಳಸಬಾರದು. ಅದರ ಎಳೆ ಒಳಗೆ ಹೋಗುತ್ತದೆ. ಗಾಳಿ ಬೀಸುವ ಹೈವೇ ಪಕ್ಕದಲ್ಲಿ ಬಿಚ್ಚುವುದಕ್ಕಿಂತ ಎರಡು ದಿನ ತಡವಾಗಿ ಶೆಡ್ಡಿನಲ್ಲಿ ಬಿಚ್ಚುವುದು ಮೇಲು. ಸರ್ವಿಸ್ ಸೆಂಟರಿನಲ್ಲಿ ದುಡ್ಡು ಜಾಸ್ತಿ, ಕಾಯುವುದೂ ಜಾಸ್ತಿ, ಆದರೆ ಕಂಪ್ಯೂಟರ್ ಹಚ್ಚಿ ರೈಲ್ ಒತ್ತಡ ನೋಡುತ್ತಾರೆ, ವಾರಂಟಿ ಉಳಿಯುತ್ತದೆ. ನಂಬಿಕೆಯ ಮೇಸ್ತ್ರಿ ಇದ್ದರೆ ವಾರಂಟಿ ಮುಗಿದ ಗಾಡಿಗೆ ಅವನೇ ಸಾಕು. ಒಂದೇ ಷರತ್ತು, ಅವನು ಬಿಚ್ಚುವ ಮುಂಚೆ ಫಿಲ್ಟರ್ ತಲೆ, ಅಂದರೆ ಫಿಲ್ಟರ್ ಕಚ್ಚಿಕೊಳ್ಳುವ ಭಾಗ, ಒರೆಸುತ್ತಾನಾ ನೋಡಿ. ಮೇಲಿನ ಧೂಳು ಹಾಗೇ ಇಟ್ಟು ಬಿಚ್ಚುವವನಾದರೆ ಬೇರೆ ಮೇಸ್ತ್ರಿ ನೋಡಿಕೊಳ್ಳಿ.

ನಾನೇ ಮಾಡಿದ ತಪ್ಪೊಂದು ಹೇಳಿಬಿಡುತ್ತೇನೆ. ಬಿಎಸ್ 4 ಗಾಡಿ, ಕಾಮನ್ ರೈಲ್. ಪ್ರಿ-ಫಿಲ್ಟರ್ ನಾನೇ ಬದಲಾಯಿಸಿದೆ, ಗಾಡಿ ಮಂಗಳೂರಿಗೆ ಹೋಗಿ ಜೋಳ ಇಳಿಸಿತು, ಏನೂ ತೊಂದರೆಯಿಲ್ಲ. ವಾಪಸ್ ಬರುವಾಗ ಲೋಡಿತ್ತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದ ಮೇಲೆ ಪಿಕಪ್ಪೇ ಇಲ್ಲ. ಎರಡನೇ ಗೇರು, ಮೊದಲನೇ ಗೇರು, ಕೊನೆಗೆ ತಿರುವಿನಲ್ಲಿ ನಿಂತೇ ಹೋಯಿತು. ಹಿಂದೆ ಬಸ್ಸುಗಳ ಹಾರನ್. ಕ್ಲೀನರ್ ಹುಡುಗ ಟಾರ್ಚ್ ಹಾಕಿ ಕೆಳಗೆಲ್ಲ ನೋಡಿ ಬಂದ. "ಅಣ್ಣ, ಒಂದು ತೊಟ್ಟೂ ಸೋರ್ತಿಲ್ಲ." ಸೋರುತ್ತಿರಲಿಲ್ಲ ನಿಜ. ಪ್ರಿ-ಫಿಲ್ಟರ್ ಇರುವುದು ಟ್ಯಾಂಕಿಗೂ ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೂ ನಡುವೆ, ಎಳೆಯುವ ಕಡೆ. ಅಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸಮತಟ್ಟಿನಲ್ಲಿ ಹೇಗೋ ನಡೆದುಹೋಗುತ್ತದೆ, ಘಾಟಿಯಲ್ಲಿ ಎಂಜಿನ್ ಡೀಸೆಲ್ ಜಾಸ್ತಿ ಕೇಳಿದಾಗ ಎಳೆತವೂ ಜಾಸ್ತಿ, ಗಾಳಿಯೂ ಜಾಸ್ತಿ. ಸಕಲೇಶಪುರದಿಂದ ಬೈಕಿನಲ್ಲಿ ಬಂದ ಮೇಸ್ತ್ರಿ ಫಿಲ್ಟರ್ ಬಿಚ್ಚಿದ, ಬೆರಳಲ್ಲಿ ತಲೆ ಸವರಿದ, ಒಂದು ಕಪ್ಪು ರಿಂಗ್ ಎಳೆದು ನನ್ನ ಕೈಗೆ ಕೊಟ್ಟ. ಹಳೇ ಫಿಲ್ಟರಿನ ರಬ್ಬರ್. ಅದು ತಲೆಗೆ ಅಂಟಿಕೊಂಡೇ ಉಳಿದಿತ್ತು, ಅದರ ಮೇಲೆ ನಾನು ಹೊಸದು ಹಾಕಿದ್ದೆ. ಎರಡು ರಬ್ಬರ್ ಒಂದರ ಮೇಲೊಂದು.

ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಮೇಲೆ ರಬ್ಬರ್ ಇದೆಯಾ ನೋಡಿ. ಆಮೇಲೆ ಮುಂದಿನ ಮಾತು. ಗಾಳಿ ಎಳೆಯುತ್ತಿದೆ ಅನ್ನುವ ಅನುಮಾನ ಇದ್ದರೆ ಫೀಡ್ ಪಂಪಿಗೆ ಹೋಗುವ ಲೈನಿನಲ್ಲಿ ಗೇಣುದ್ದ ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ಸ್ಟಾರ್ಟ್ ಮಾಡಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ. ನೋಡಿದ ಮೇಲೆ ತೆಗೆದುಬಿಡಿ.

ತುಂಬಿಸಿ ಹಾಕುವುದಾ, ಪಂಪ್ ಹೊಡೆಯುವುದಾ

ಗ್ಯಾರೇಜಿನಲ್ಲಿ ಅತಿ ಹೆಚ್ಚು ಜಗಳ ಇದಕ್ಕೇ. ಹಳೇ ಕಾಲದ ಮೇಸ್ತ್ರಿಗಳು ಹೊಸ ಫಿಲ್ಟರಿಗೆ ಡೀಸೆಲ್ ತುಂಬಿಸಿಯೇ ಹಾಕುವುದು. ಬೇಗ ಸ್ಟಾರ್ಟ್ ಆಗುತ್ತದೆ, ಲೈನಿನಲ್ಲಿ ಸಿಕ್ಕಿದ ಏರ್ ತೆಗೆಯುವ ಕೆಲಸ ಕಮ್ಮಿ. ಇನ್‌ಲೈನ್ ಪಂಪಿಗೆ ನಾನೂ ಮಾಡುತ್ತೇನೆ, ಶುದ್ಧ ಡೀಸೆಲ್ ಆಗಿದ್ದರೆ.

ಆದರೆ ತಿರುಗಿಸುವ ಫಿಲ್ಟರಿನ ಬಾಯಿ ಒಮ್ಮೆ ಸರಿಯಾಗಿ ನೋಡಿ. ಸುತ್ತಲೂ ಸಣ್ಣ ತೂತುಗಳು, ನಡುವೆ ಮರೆ ಇರುವ ದೊಡ್ಡ ತೂತು. ಸುತ್ತಲಿನದು ಡೀಸೆಲ್ ಒಳಗೆ ಬರುವ ದಾರಿ, ನಡುವಿನದು ಸೋಸಿದ ಡೀಸೆಲ್ ಹೊರಗೆ ಹೋಗುವ ದಾರಿ. ಕ್ಯಾನಿನಿಂದ ಸುರಿಯುವಾಗ ಎಲ್ಲರೂ ಎಲ್ಲಿಗೆ ಸುರಿಯುತ್ತಾರೆ? ನಡುವಿನ ದೊಡ್ಡ ತೂತಿಗೆ. ಅಂದರೆ ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಇಷ್ಟು ದುಡ್ಡು ಕೊಟ್ಟು ತಂದ ಫಿಲ್ಟರನ್ನು ಬೈಪಾಸ್ ಮಾಡಿದ ಹಾಗಾಯಿತು, ಅಲ್ವಾ?

ಕಾಮನ್ ರೈಲಿನ ಮೇನ್ ಫಿಲ್ಟರಿಗೆ ಒಂದು ಹನಿಯೂ ಸುರಿಯಬೇಡಿ. ಒಣದಾಗಿಯೇ ಹಾಕಿ, ಡೀಸೆಲ್ ಎಳೆಯುವ ಹ್ಯಾಂಡ್ ಪಂಪ್ ಹೊಡೆಯಿರಿ. ಕೆಲವು ಫಿಲ್ಟರಿನ ನಡುವಿನ ತೂತಿಗೆ ಮುಚ್ಚಳ ಬರುತ್ತದೆ, ಅದು ಇರುವುದೇ ಈ ತಪ್ಪು ಆಗಬಾರದು ಅಂತ. ಫಿಲ್ಟರ್ ತಲೆಯಲ್ಲಿ ಏರ್ ಬಿಡುವ ಬ್ಲೀಡಿಂಗ್ ಸ್ಕ್ರೂ ಇದ್ದರೆ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಹೊಡೆದು, ಬಿಗಿ ಮಾಡಿ, ಮತ್ತೆ ಪಂಪ್ ಗಟ್ಟಿಯಾಗುವ ತನಕ ಹೊಡೆಯಿರಿ. ತೋಳು ಬಿದ್ದುಹೋಗುತ್ತದೆ, ನಿಜ. ಕ್ಲೀನರಿಗೂ ನಿಮಗೂ ಪಾಳಿ ಹಾಕಿಕೊಳ್ಳಿ. ಆಮೇಲೆ ಸೆಲ್ಫ್ ಹದಿನೈದು-ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ನಡುವೆ ಎರಡು ನಿಮಿಷ ಬಿಡಿ, ಇಲ್ಲದಿದ್ದರೆ ಏರ್ ಹೋಗುವ ಮುಂಚೆ ಬ್ಯಾಟರಿ ಹೋಗುತ್ತದೆ.

ಇನ್ನೊಂದು, ಇದು ಜೀವದ ವಿಷಯ. ಹಳೇ ಗಾಡಿಯಲ್ಲಿ ನಾಜಲ್ ಪೈಪಿನ ನಟ್ ಸಡಿಲ ಮಾಡಿ ಏರ್ ತೆಗೆಯುವ ಅಭ್ಯಾಸ ಇದೆಯಲ್ಲ, ಅದನ್ನು ಕಾಮನ್ ರೈಲಿನಲ್ಲಿ ಮಾಡಲೇಬೇಡಿ. ಆ ಒತ್ತಡದಲ್ಲಿ ಬರುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕಿಲೋಮೀಟರ್ ಲೆಕ್ಕವೋ, ಲಕ್ಷಣವೋ

ಗಾಡಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಮೊದಲು. ಸಂಡೂರಿನ ಅದಿರಿನ ಧೂಳಿನಲ್ಲಿ ಓಡುವ ಗಾಡಿಗೆ, ಕ್ಯಾನಿನಲ್ಲಿ ಡೀಸೆಲ್ ತಂದು ಹಾಕುವ ಗಾಡಿಗೆ ಅದಕ್ಕಿಂತ ಮುಂಚೆ. ಹಾಗಂತ "ಇರಲಿ ಬಿಡಿ" ಅಂತ ತಿಂಗಳಿಗೊಮ್ಮೆ ಬಿಚ್ಚುವುದೂ ಸರಿಯಲ್ಲ. ಫಿಲ್ಟರ್ ಬಿಚ್ಚಿದ ಆ ಹತ್ತು ನಿಮಿಷವೇ ಡೀಸೆಲ್ ಲೈನಿಗೆ ಧೂಳು ಹೋಗಲು ಒಳ್ಳೆಯ ಅವಕಾಶ.

ಪ್ರಿ-ಫಿಲ್ಟರ್, ಮೇನ್ ಫಿಲ್ಟರ್ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಾ ಅಂತ ಕೇಳುತ್ತಾರೆ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಲೆಕ್ಕ ಇದ್ದರೆ ಒಟ್ಟಿಗೆ. ನಡುವೆ ನೀರು ಸಿಕ್ಕಿ ಪ್ರಿ-ಫಿಲ್ಟರ್ ಕಟ್ಟಿಕೊಂಡರೆ ಅದೊಂದನ್ನೇ ಬದಲಾಯಿಸಿದರೆ ಸಾಕು.

ಲಕ್ಷಣದ ವಿಷಯಕ್ಕೆ ಬಂದರೆ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಕಪ್ಪು ಹೊಗೆ ದಟ್ಟವಾಗಿ ಬರುತ್ತಿದೆ ಅಂದರೆ ಮೊದಲು ಏರ್ ಫಿಲ್ಟರ್ ನೋಡಿ. ಎಳೆಯುತ್ತಿಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಫಿಲ್ಟರ್. ಬಿಎಸ್ 6 ಗಾಡಿಯಲ್ಲಿ ಹೊಗೆ ಸುಲಭವಾಗಿ ಕಾಣುವುದಿಲ್ಲ, ಅಲ್ಲಿ ಮೀಟರಿನ ದೀಪ ನೋಡಬೇಕು. ಅಂದಹಾಗೆ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವದ ಲೈನಿನಲ್ಲೂ ಒಂದು ಫಿಲ್ಟರ್ ಇದೆ, ಅದು ಬೇರೆ. ನಮ್ಮ ಡ್ರೈವರ್ ಒಬ್ಬ ಯೂರಿಯಾ ದೀಪ ಉರಿದದ್ದಕ್ಕೆ ಡೀಸೆಲ್ ಫಿಲ್ಟರ್ ಹಾಕಿಸಿಕೊಂಡು ಬಂದಿದ್ದ.

ಮಳೆಗಾಲದಲ್ಲಿ, ಡೀಸೆಲ್‌ನಲ್ಲಿ ನೀರಿದೆ ಅನ್ನುವ ದೀಪ ಉರಿಯುವ ತನಕ ಕಾಯಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಪ್ರಿ-ಫಿಲ್ಟರ್ ಕೆಳಗಿನ ಬಿರಡೆ ಸಡಿಲ ಮಾಡಿ ಒಂದು ನೀರಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳಕ್ಕೆ ಇಳಿದು ಗೆರೆ ಎಳೆದ ಹಾಗೆ ಬೇರೆಯಾಗುತ್ತದೆ. ಒಂದು ಬೆರಳಷ್ಟು ನೀರು ಎರಡು ವಾರ ಸತತವಾಗಿ ಬಂದರೆ ತಪ್ಪು ಫಿಲ್ಟರಿನದಲ್ಲ. ಟ್ಯಾಂಕ್ ಮುಚ್ಚಳದ ರಬ್ಬರ್ ನೋಡಿ, ಇಲ್ಲ ಬಂಕ್ ಬದಲಾಯಿಸಿ. ಹೆಚ್ಚುವರಿಯಾಗಿ ಇನ್ನೊಂದು ವಾಟರ್ ಸೆಪರೇಟರ್ ಕೂರಿಸಿ ಅಂತ ಕೆಲವರು ಹೇಳುತ್ತಾರೆ. ಹಳೇ ಗಾಡಿಗೆ ಪರವಾಗಿಲ್ಲ, ಬಿಎಸ್ 6ಕ್ಕೆ ಕಂಪನಿಯನ್ನು ಕೇಳದೆ ಎಳೆಯುವ ಕಡೆ ಏನನ್ನೂ ಸೇರಿಸಬೇಡಿ.

ಕ್ಯಾಬಿನಿನಲ್ಲಿ ನಾನು ಇಡುವ ಸಾಮಾನು ಇಷ್ಟೇ: ಡಬ್ಬ ಒಡೆಯದ ಒಂದು ಪ್ರಿ-ಫಿಲ್ಟರ್, ಒಂದು ಮೇನ್ ಫಿಲ್ಟರ್, ಬೆಲ್ಟ್ ಪಾನಾ, ನಾಲ್ಕು ತಾಮ್ರದ ವಾಷರ್, ನೂಲು ಬಿಡದ ಬಟ್ಟೆ, ಖಾಲಿ ಬಾಟಲಿ. ತಾಮ್ರದ ವಾಷರನ್ನು ಕಾಯಿಸಿ ತಣ್ಣಗೆ ಮಾಡಿ ಮತ್ತೆ ಹಾಕುವ ಉಪಾಯ ಎಲ್ಲ ಮೇಸ್ತ್ರಿಗಳಿಗೂ ಗೊತ್ತು, ಆದರೆ ಕೆಲವೇ ರೂಪಾಯಿಯ ವಾಷರಿಗೆ ಯಾಕೆ ಬೇಕು ಆ ಸರ್ಕಸ್. ಜೊತೆಗೆ ಒಂದು ಬಿಳಿ ಪೇಂಟ್ ಪೆನ್ನು. ಫಿಲ್ಟರ್ ಹಾಕಿದ ದಿನವೇ ಅದರ ಮೈಮೇಲೆ ತಾರೀಖು, ಕಿಲೋಮೀಟರ್ ಬರೆಯುತ್ತೇನೆ. ಡ್ರೈವರ್ ಬದಲಾದರೂ, ಬಿಲ್ ಕಳೆದುಹೋದರೂ, ಕ್ಯಾಬಿನ್ ಎತ್ತಿದರೆ ಅದು ಅಲ್ಲೇ ಇರುತ್ತದೆ.